ಡಿಸೆಂಬರ್ ಬಿಟ್ಟರೆ ಯುವಜನರೇ ಇಲ್ಲ ಅನ್ನುವ ಧರ್ಮಕೇಂದ್ರಕ್ಕೆ: ಮಳೆಗಾಲದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗೆ ಕೆಲಸದ ಲೆಕ್ಕ

ಸಿಸ್ಟರ್, ನಮಸ್ಕಾರ. ನಿಮ್ಮ ಪ್ರಶ್ನೆ ಇಷ್ಟು: ಸಕಲೇಶಪುರ ಕಡೆಯ ಕಥೋಲಿಕ ಧರ್ಮಕೇಂದ್ರ (ಪ್ಯಾರಿಷ್), ಸುಮಾರು 120 ಕುಟುಂಬ, ಎರಡು ಉಪಕೇಂದ್ರ (ದೂರದವರಿಗಾಗಿ ಇರುವ ಚಿಕ್ಕ ಪೂಜಾಸ್ಥಳ), ಪಟ್ಟಿಯಲ್ಲಿ 40 ಯುವಜನರ ಹೆಸರು. ಕ್ಯಾರಲ್ಸ್ ಅಂದರೆ ಎಲ್ಲರೂ ಹಾಜರ್, ಜನವರಿ ಕಳೆದರೆ ಮೀಟಿಂಗಿಗೆ ಐದು ಜನ. ಇದಕ್ಕೆ ಮೇಲಿನವರು ಕ್ಯಾಂಪು, ಕ್ವಿಜ್, ಪ್ರವಾಸ ಅಂತ ಸಲಹೆ ಕೊಟ್ಟಿದ್ದಾರೆ. ತಪ್ಪಲ್ಲ, ಆದರೆ ಅದರಿಂದ ಯುವಜನ ಸಂಘ ಉಳಿಯಲ್ಲ. ಡಿಸೆಂಬರಿನಲ್ಲಿ ಹುಡುಗರು ಬರುವುದು ಹಾಡಿನ ಆಸೆಗಷ್ಟೇ ಅಲ್ಲ, ತಾವು ಬರದಿದ್ದರೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಏಳಲ್ಲ ಅಂತ ಅವರಿಗೆ ಗೊತ್ತು. ಫೆಬ್ರವರಿಯಲ್ಲಿ ಅವರು ಬಾರದಿದ್ದರೆ ಯಾವುದೂ ನಿಲ್ಲುವುದಿಲ್ಲ, ಅದಕ್ಕೇ ಬರಲ್ಲ. ಹಾಗಾಗಿ ಪ್ರತಿ ಕಾಲಕ್ಕೂ ಒಂದೇ ಒಂದು ಕೆಲಸವನ್ನು ಪೂರ್ತಿಯಾಗಿ ಅವರ ಕೈಗೆ ಕೊಡಿ. ಬೀಗದ ಕೈ, ಖರ್ಚಿನ ದುಡ್ಡು, ಕೆಟ್ಟರೆ ಬೈಗುಳ, ಎಲ್ಲ ಸಮೇತ. ಪಾಲನಾ ಸಮಿತಿಯವರು 'ಸಹಾಯಕ್ಕೆ' ಪಕ್ಕದಲ್ಲಿ ನಿಂತರೆ ಅದು ಮತ್ತೆ ಹಿರಿಯರ ಕೆಲಸವಾಗುತ್ತದೆ.

ವರ್ಷದ ಯೋಜನೆಗೆ ಕೂರುವಾಗ ಮೂರು ಕ್ಯಾಲೆಂಡರ್ ಮುಂದಿರಲಿ. ಪೂಜಾವಿಧಿಯದು, ಪರೀಕ್ಷೆಯದು, ತೋಟದ್ದು. 2026ರಲ್ಲಿ ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ಕಾಲ, ಶುರುವಾಗುವುದು ನವೆಂಬರ್ 29ಕ್ಕೆ. 2027ರ ಬೂದಿ ಬುಧವಾರ ಫೆಬ್ರವರಿ 10, ಪಾಸ್ಖ ಮಾರ್ಚ್ 28, ಪವಿತ್ರಾತ್ಮರ ಹಬ್ಬವಾದ ಪೆಂತೆಕೋಸ್ತ್ ಮೇ 16. ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗಳು ಮಾರ್ಚ್ ಆಸುಪಾಸಿಗೇ ಬರುವುದರಿಂದ ಬೂದಿ ಬುಧವಾರದಿಂದ ಪಾಸ್ಖದವರೆಗಿನ ತಪಸ್ಸು ಕಾಲ ಪೂರ್ತಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಅದರ ಬೆನ್ನಿಗೆ. ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳ ಹುಡುಗ ಹುಡುಗಿಯರು ಆಗ ಸಂಜೆವರೆಗೆ ಹಣ್ಣು ಕುಯ್ದು ಮೈಕೈ ನೋವಲ್ಲಿರುತ್ತಾರೆ. ಪೇಟೆಯ ಧರ್ಮಕೇಂದ್ರಗಳ ಪಟ್ಟಿ ನೋಡಿ ಬುಧವಾರ ಸಂಜೆ ಅಭ್ಯಾಸ ಇಟ್ಟರೆ ಯಾರು ಬರುತ್ತಾರೆ?

ಮೊದಲು ಮಳೆಗಾಲ. ಜೂನ್‌ನಲ್ಲಿ ಇನ್ನೊಂದು ಪೆಟ್ಟು ಬೀಳುತ್ತದೆ. ಪಿಯುಸಿ, ಡಿಗ್ರಿ ಮುಗಿಸಿದವರು ಬೆಂಗಳೂರು, ಮೈಸೂರು, ಮಂಗಳೂರಿಗೆ ಹೊರಡುತ್ತಾರೆ, ಜೊತೆಗೆ ಅಧ್ಯಕ್ಷನೂ ಹೊರಟ. ಆದ್ದರಿಂದ ಪದಾಧಿಕಾರಿಗಳ ಆಯ್ಕೆ ಜನವರಿಯಲ್ಲಿ ಬೇಡ, ಜೂನ್ ಕೊನೆಗೆ ಇಟ್ಟುಕೊಳ್ಳಿ. ಯಾರು ಊರಲ್ಲಿ ಉಳಿದರು ಅಂತ ಅಷ್ಟೊತ್ತಿಗೆ ಗೊತ್ತಾಗಿರುತ್ತದೆ. ಕಾರ್ಯದರ್ಶಿ ಮಾತ್ರ ಪ್ರಥಮ ಪಿಯುಸಿಯವರೇ ಆಗಲಿ, ಎರಡು ವರ್ಷ ಸಿಗುತ್ತಾರೆ. ಹೋದವರ ಹೆಸರು ಅಳಿಸಬೇಡಿ. ಪೂಜೆಯಲ್ಲಿ ಬೈಬಲ್ ವಾಚನದ ಸರದಿ ಪಟ್ಟಿ ಟೈಪ್ ಮಾಡುವುದು, ಹಾಡಿನ ಹಾಳೆ ಸಿದ್ಧಪಡಿಸುವುದು ದೂರದಿಂದಲೂ ಆಗುವ ಕೆಲಸ.

ಜೂನ್–ಆಗಸ್ಟ್‌ನಲ್ಲಿ ಎಲ್ಲರನ್ನೂ ದೊಡ್ಡ ದೇವಾಲಯಕ್ಕೆ ಕರೆಯುವ ಹಟ ಬಿಡಿ. ಕರೆಂಟ್ ಇರಲ್ಲ, ಬಸ್ಸು ನಂಬಿಕೆ ಇಲ್ಲ, ರಸ್ತೆಗೆ ಮರ ಬಿದ್ದಿರುತ್ತದೆ. ಈ ಕಾಲದ ಕೆಲಸ ವಾಚನ. ಆಯಾ ಉಪಕೇಂದ್ರದಲ್ಲೇ ಮೂರು ಮೂರು ಜನರ ಗುಂಪು ಮಾಡಿ. ಈ ಭಾನುವಾರ ಪೂಜೆ ಮುಗಿದ ಕೂಡಲೇ ಮುಂದಿನ ಭಾನುವಾರದ ವಾಚನ, ಕೀರ್ತನೆ, ವಿಶ್ವಾಸಿಗಳ ಪ್ರಾರ್ಥನೆ ಕೈಗೆ ಸಿಗಬೇಕು. ಶನಿವಾರ ರಾತ್ರಿ ಕೊಟ್ಟರೆ 'ಥೆಸಲೋನಿಕ'ದಂಥ ಹೆಸರಿನ ಹತ್ತಿರ ಗಂಟಲು ಕಟ್ಟುತ್ತದೆ, ಹಾಗೆ ಒಮ್ಮೆ ಮುಜುಗರಪಟ್ಟ ಹುಡುಗಿ ಮತ್ತೆ ಪೀಠದ ಹತ್ತಿರ ಬರಲ್ಲ. ಅಭ್ಯಾಸ ಮೈಕ್ ಇಲ್ಲದೆ ಮಾಡಿಸಿ. ಒಬ್ಬರು ಓದಲಿ, ಇನ್ನೊಬ್ಬರು ಕೊನೆಯ ಬೆಂಚಿನಲ್ಲಿ ಕೂತು ಕೇಳಿಸದ ಪದಕ್ಕೆ ಕೈ ಎತ್ತಲಿ. ಆಮೇಲೆ ಮೈಕ್, ಬಾಯಿಂದ ಒಂದು ಗೇಣು ದೂರಕ್ಕೆ. ಕೀಬೋರ್ಡ್, ಆಂಪ್ಲಿಫೈಯರ್ ಕೂಡ ಇದೇ ಗುಂಪಿನ ಜವಾಬ್ದಾರಿ. ಮಲೆನಾಡ ಮಳೆಯಲ್ಲಿ ಬಳಸದೆ ಇಟ್ಟ ಕೀಬೋರ್ಡಿಗೆ ಬೂಸ್ಟು ಹಿಡಿದು ಕ್ರಿಸ್ಮಸ್‌ಗೆ ಅರ್ಧ ಕೀ ಸತ್ತಿರುತ್ತವೆ. ಬಳಸಲಿ ಬಿಡಲಿ, ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಡಬೇಕು.

ಆಗಸ್ಟ್ 15 ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ, ಜೊತೆಗೆ ಸ್ವಾತಂತ್ರ್ಯ ದಿನ. ಧ್ವಜ ಕಟ್ಟುವ ಹಗ್ಗ ಹಿಂದಿನ ದಿನವೇ ಎಳೆದು ನೋಡಿದರೆ ಸಾಕು, ಅದಕ್ಕಿಂತ ಹೆಚ್ಚು ಯೋಜನೆ ಬೇಡ. ಸೆಪ್ಟೆಂಬರ್ 8ರ ಮಾತೆಯ ಜನನದ ಹಬ್ಬದ ನೊವೆನಾ ಪ್ರಾರ್ಥನೆ ಆಗಸ್ಟ್ 30ಕ್ಕೇ ಶುರುವಾಗಬೇಕು, ಒಂಬತ್ತು ದಿನ ಮುಗಿದು ಹತ್ತನೆಯ ದಿನ ಹಬ್ಬ. ಹೂವು ತರುವ ಮಕ್ಕಳನ್ನು ಸಾಲು ಮಾಡಿ ನಿಲ್ಲಿಸುವುದು ಯುವಜನರ ಪಾಲಿಗಿರಲಿ.

ಮಳೆ ಬಿಟ್ಟ ಮೇಲೆ ಸಿಮಿತ್ರಿ (ಸ್ಮಶಾನ). ನವೆಂಬರ್ 2ರ ಮೃತರ ಸ್ಮರಣೆಗೆ ಸಮಾಧಿಗಳನ್ನು ಆಶೀರ್ವದಿಸುವ ಹೊತ್ತಿಗೆ ಹುಲ್ಲು ಸೊಂಟಮಟ್ಟ ಇರುತ್ತದೆ. ಇದನ್ನು ಹುಡುಗರಿಗೆ ಬರೆದೇ ಕೊಡಿ. ಎರಡು ಸಲ ಮಾಡಬೇಕಾದ ಕೆಲಸ ಇದು. ಅಕ್ಟೋಬರ್ ನಡುವಿಗೆ ಒಮ್ಮೆ ಕೊಚ್ಚುವುದು, ಚಿಗುರಿದ್ದನ್ನು ಹಬ್ಬದ ಹಿಂದಿನ ದಿನ ಮತ್ತೆ ಸವರುವುದು. 2026ರಲ್ಲಿ ನವೆಂಬರ್ 1 ಭಾನುವಾರವೇ ಬಂದಿರುವುದು ಅನುಕೂಲ. ಒಂದೇ ಸಲ ಮಾಡಿ ಮುಗಿಸುತ್ತೇವೆ ಅಂದರೆ ಬೇಗ ಕೊಚ್ಚಿದ್ದು ಬೆಳೆದಿರುತ್ತದೆ, ತಡವಾಗಿ ಕೊಚ್ಚಿದ್ದು ಹಸಿ ರಾಶಿಯಾಗಿ ಅಲ್ಲೇ ಬಿದ್ದಿರುತ್ತದೆ. ತೋಟದಿಂದ ಕಳೆ ಹೊಡೆಯುವ ಮಿಷನ್ ತರಬಹುದು, ಆದರೆ ಸಮಾಧಿಗೆ ಎರಡು ಅಡಿ ಹತ್ತಿರಕ್ಕೆ ಒಯ್ಯಬೇಡಿ. ಬ್ಲೇಡಿಗೆ ಸಿಕ್ಕ ಕಲ್ಲು ಹಾರಿ ಫೋಟೋ ಗಾಜು, ಶಿಲುಬೆಯ ತುದಿ ಒಡೆದರೆ ಆ ಕುಟುಂಬದ ಜೊತೆ ಮಾತು ನಿಲ್ಲುತ್ತದೆ. ಅಂಚಿಗೆ ಕುಡುಗೋಲೇ ಸರಿ. ಮಿಷನ್ ಹಿಡಿಯುವವರು 18 ದಾಟಿರಬೇಕು, ಕಣ್ಣಿಗೆ ಕನ್ನಡಕ, ಕಾಲಿಗೆ ಗಂಬೂಟ್. ಹಾವಿರುವ ಜಾಗ, ಮೊದಲು ಉದ್ದ ಕೋಲಿನಿಂದ ತಟ್ಟಿಕೊಂಡು ಹೋಗಲಿ. ಪಾಚಿ ತೆಗೆಯಲು ಆ್ಯಸಿಡ್ ಹಾಕುವ ಚಾಳಿ ಕೆಲವೆಡೆ ಇದೆ. ಮಾರ್ಬಲ್ಲಿನ ಹೊಳಪನ್ನೂ ಸಿಮೆಂಟನ್ನೂ ಅದು ತಿನ್ನುತ್ತದೆ. ನೀರು ಮತ್ತು ನಾರಿನ ಬ್ರಷ್ ಸಾಕು. ಯಾರೂ ಬಾರದ ಹಳೆಯ ಸಮಾಧಿಗಳಿಗೆ ಒಂದೊಂದು ಮೇಣದಬತ್ತಿ ಸಂಘದ ಲೆಕ್ಕದಲ್ಲಿ.

ಅಕ್ಟೋಬರಿನ ಜಪಮಾಲೆ ಮನೆಮನೆಗೆ ಹೋಗುತ್ತದಲ್ಲ, ಅದರ ಜೊತೆ ಹೊಸ ಯುವಜನರ ಪಟ್ಟಿ ಮಾಡಿಕೊಳ್ಳಿ. ಹೆಸರು, ವಯಸ್ಸು, ಪೋಷಕರ ನಂಬರ್ ಇಷ್ಟೇ. ನವೆಂಬರ್ 22ರ ಕ್ರಿಸ್ತರಾಜರ ಹಬ್ಬದಂದು ಆರಾಧನೆಯ ಒಂದು ಗಂಟೆ ಯುವಜನರೇ ನಡೆಸಲಿ. 2021ರಿಂದ ಬಿಷಪರ ಧರ್ಮಕ್ಷೇತ್ರಗಳಲ್ಲಿ ವಿಶ್ವ ಯುವಜನ ದಿನ ಆಚರಿಸುವುದೂ ಇದೇ ಭಾನುವಾರ. ಎರಡಕ್ಕೂ ಬೇರೆ ಬೇರೆ ಕಾರ್ಯಕ್ರಮ ಹಾಕಿಕೊಂಡು ಒದ್ದಾಡಬೇಡಿ.

ಈಗ ಕ್ಯಾರಲ್ಸ್. ಮನೆಗೆ ಹತ್ತು ನಿಮಿಷ ಹಾಡು ಪ್ರಾರ್ಥನೆ, ಮುಂದಿನ ಮನೆಗೆ ನಡಿಗೆ ಸೇರಿಸಿದರೆ ಒಂದು ಸಂಜೆಗೆ 15 ಮನೆ. 120 ಮನೆಗೆ ಎಂಟು ಸರದಿ. ನಿಮ್ಮ ಕಡೆ ಆನೆ ಇರುವುದರಿಂದ ಈ ಎಂಟನ್ನೂ ಒಂದೇ ಥರ ಇಡಬಾರದು. ಎಸ್ಟೇಟ್ ಲೈನ್‌ಗಳನ್ನು ಭಾನುವಾರ ಮಧ್ಯಾಹ್ನ ಎರಡಕ್ಕೆ ಹೊರಟು ಕತ್ತಲಾಗುವ ಮೊದಲೇ ಮುಗಿಸಿ, ವಾರದ ಸಂಜೆಗಳು ಪೇಟೆಯ ಮನೆಗಳಿಗೆ ಮಾತ್ರ. ಆ ದಿನ ಆನೆ ಯಾವ ತೋಟದಲ್ಲಿದೆ ಅಂತ ಎಸ್ಟೇಟ್ ರೈಟರ್ (ತೋಟದ ಗುಮಾಸ್ತ) ಹತ್ತಿರ ಕೇಳದೆ ಹೊರಡಬೇಡಿ. ಪಿಕಪ್ ಹಿಂದೆ ಹುಡುಗರನ್ನು ತುಂಬಿಕೊಂಡು ಹೋಗುವುದೂ ಬೇಡ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕಾನೂನಿನ ನಿರ್ಬಂಧ ಇದೆ. ಮನೆಯ ಮುಂದೆ ಹಾಡಲು ಒಂದು ಗಿಟಾರ್, ಒಂದು ಡ್ರಮ್ ಇದ್ದರೆ ಮೈಕ್ ಯಾಕೆ ಬೇಕು? ಲೈನ್ ಮನೆಗಳಲ್ಲಿ ಕನ್ನಡದ ಜೊತೆ ತಮಿಳು, ಕೊಂಕಣಿ ಮಾತಾಡುವವರು ಇರುತ್ತಾರೆ, ಅವರ ಭಾಷೆಯ ಒಂದೊಂದು ಹಾಡು ಕಲಿತಿರಿ. ಆ ವರ್ಷ ಸಾವಾದ ಮನೆಗಳ ಪಟ್ಟಿ ಮೊದಲೇ ಕೈಯಲ್ಲಿರಲಿ. ಅಲ್ಲಿ ಡ್ರಮ್ಮೂ ಇಲ್ಲ, ಸಾಂತಾ ಕ್ಲಾಸೂ ಇಲ್ಲ, ಒಂದು ಶಾಂತವಾದ ಹಾಡು, ಪ್ರಾರ್ಥನೆ.

ಸಂಘಗಳು ಒಡೆಯುವುದು ಸಾಮಾನ್ಯವಾಗಿ ಕ್ಯಾರಲ್ಸ್ ದುಡ್ಡಿನ ಮೇಲೆ. ಬೀಗ ಹಾಕಿದ ಡಬ್ಬಿ, ಅದೇ ರಾತ್ರಿ ಇಬ್ಬರು ಎಣಿಸಿ ಸಹಿ, ಮಾರನೆ ದಿನ ಫಾದರ್ ಕೈಗೆ ಅಥವಾ ಬ್ಯಾಂಕಿಗೆ. ಇದರಲ್ಲಿ ಎಷ್ಟು ಬಡ ಮಕ್ಕಳ ಫೀಸಿಗೆ, ಎಷ್ಟು ಸಂಘಕ್ಕೆ, ಎಷ್ಟು ಹುಡುಗರ ಊಟಕ್ಕೆ ಅನ್ನುವುದನ್ನು ಮೊದಲ ಮನೆ ಹತ್ತುವ ಮುಂಚೆಯೇ ಪೂಜೆಯ ಕೊನೆಯಲ್ಲಿ ಪ್ರಕಟಿಸಿ. ಬಿರಿಯಾನಿ ತಿನ್ನಲಿ, ತಪ್ಪೇನಿಲ್ಲ, ಆದರೆ ಜನವರಿಯಲ್ಲಿ ಗೊತ್ತಾಗುವ ಬಿರಿಯಾನಿ ಜಗಳ ತರುತ್ತದೆ.

ಗೋದಲಿಗೆ ಹಸಿರು ಬೇಕಾದರೆ ಪ್ಲಾಸ್ಟಿಕ್ ಹುಲ್ಲು ಕೊಳ್ಳಬೇಡಿ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒಂದು ದಿನ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಇಣುಕಿದಾಗ ತಟ್ಟೆಯಲ್ಲಿ ಒಂದಿಂಚು ಮಣ್ಣಿನ ಮೇಲೆ ಒತ್ತಾಗಿ ಉದುರಿಸಿ. ಮೇಲೆ ಮಣ್ಣು ಮುಚ್ಚಬೇಡಿ, ಒದ್ದೆ ಬಟ್ಟೆ ಹೊದಿಸಿದರೆ ಸಾಕು. ಎರಡು ದಿನ ಕತ್ತಲಲ್ಲಿಟ್ಟು ಆಮೇಲೆ ಬೆಳಕಿಗೆ ತನ್ನಿ, ನೀರನ್ನು ಚಿಮುಕಿಸಬೇಕೇ ಹೊರತು ಸುರಿಯಬಾರದು. ಬಯಲುಸೀಮೆಯಲ್ಲಿ ಎಂಟು ದಿನಕ್ಕೆ ಬರುವ ಪೈರು ನಿಮ್ಮ ಡಿಸೆಂಬರ್ ಚಳಿಗೆ ಇನ್ನೆರಡು ಮೂರು ದಿನ ಹೆಚ್ಚು ಕೇಳುತ್ತದೆ, ಹಾಗಾಗಿ 12ನೇ ತಾರೀಖಿನ ಹೊತ್ತಿಗೇ ನೆನೆಸಿ. ನೀರು ನಿಂತರೆ ಬುಡ ಕೊಳೆತು ನಾಲ್ಕೇ ದಿನಕ್ಕೆ ವಾಸನೆ ಬರುತ್ತದೆ, ತಟ್ಟೆಯ ತಳಕ್ಕೆ ತೂತು ಇರಲಿ. ಹುಲ್ಲಿನ ಮಾಡಿನೊಳಗೆ ಸೀರಿಯಲ್ ಸೆಟ್ಟಿನ ಜಾಯಿಂಟ್ ಬರಬಾರದು. ಟೇಪ್ ಸುತ್ತಿದ ಜಾಯಿಂಟೇ ಬಿಸಿಯಾಗಿ ಕಿಡಿ ಹಾರುವ ಜಾಗ, ಪ್ಲಗ್ಗು ಗೋದಲಿಯ ಹೊರಗಿದ್ದು ರಾತ್ರಿ ಆರಿಸಲು ಒಬ್ಬರ ಹೆಸರು ಬರೆದಿರಲಿ. ಬಾಲಯೇಸುವನ್ನು ಇಡುವುದು 24ರ ರಾತ್ರಿಯೇ. ಮೂವರು ಜ್ಞಾನಿಗಳು ದೂರದಿಂದ ದಿನಕ್ಕಿಷ್ಟು ಹತ್ತಿರ ಬಂದು ಜನವರಿ 3ರ ಭಾನುವಾರ ತಲುಪಲಿ, ಚಿಕ್ಕ ಮಕ್ಕಳು ಇದನ್ನು ನೋಡಲೆಂದೇ ಬರುತ್ತಾರೆ. ಬಿಚ್ಚುವ ದಿನವನ್ನೂ ಕಟ್ಟುವ ದಿನವೇ ಗೊತ್ತುಮಾಡಿ: ಜನವರಿ 10, ಪ್ರಭುವಿನ ಜ್ಞಾನಸ್ನಾನದ ಹಬ್ಬ ಮುಗಿದ ಸಂಜೆ.

ತಪಸ್ಸು ಕಾಲಕ್ಕೆ ಉದ್ದದ ಕಾರ್ಯಕ್ರಮ ಇಡಬೇಡಿ, ಪರೀಕ್ಷೆ ಇದೆ. ಎರಡು ಚಿಕ್ಕ ಕೆಲಸ ಸಾಕು. ಯೇಸುವಿನ ಯಾತನೆಯನ್ನು ನೆನೆಯುವ ಶುಕ್ರವಾರದ ಶಿಲುಬೆ ಹಾದಿಗೆ 14 ಸ್ಥಳ, 14 ಓದುಗರು, ಒಬ್ಬೊಬ್ಬರಿಗೆ ಎರಡು ನಿಮಿಷ, ನಡಿಗೆ ಹಾಡು ಸೇರಿ 45 ನಿಮಿಷಕ್ಕೆ ಮನೆಗೆ. ಇನ್ನೊಂದು, ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ. ಹಿಂದಿನ ವರ್ಷ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ಜನವರಿ 31 ಮತ್ತು ಫೆಬ್ರವರಿ 7ರ ಭಾನುವಾರ ಮನೆಗಳಿಂದ ತರಿಸಿ. ಬಯಲಲ್ಲಿ ಸುಟ್ಟರೆ ಬಿಳಿ ಬೂದಿಯಾಗಿ ಹಣೆಗೆ ಹಿಡಿಯಲ್ಲ. ಗರಿಯನ್ನು ತುಂಡು ಮಾಡಿ ಹಳೆಯ ಬಿಸ್ಕತ್ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಒಂದು ಮೊಳೆ ತೂತು ಹಾಕಿ ಕೆಂಡದ ಮೇಲಿಡಿ. ತೂತಿನ ಹೊಗೆ ನಿಂತ ಮೇಲೆ ಇಳಿಸಿ, ಪೂರ್ತಿ ತಣ್ಣಗಾದ ಮೇಲೆಯೇ ತೆಗೆಯಿರಿ. ಬಿಸಿಯಲ್ಲೇ ತೆರೆದರೆ ಗಾಳಿ ತಾಗಿ ಹೊತ್ತಿಕೊಂಡು ಮತ್ತೆ ಬಿಳಿಯಾಗುತ್ತದೆ. ಒಳಗಿನ ಕಪ್ಪು ಕರಿಯನ್ನು ಕುಟ್ಟಿ ತೆಳು ಬಟ್ಟೆಯಲ್ಲಿ ಸೋಸಿ. ಐನೂರು ಜನಕ್ಕೆ ಒಂದು ಟೀ ಲೋಟದಷ್ಟು ಇದ್ದರೆ ಮಿಕ್ಕುತ್ತದೆ. ಸಾಲದು ಅಂತ ಒಲೆಯ ಬೂದಿ ಬೆರೆಸಿ ನೀರಲ್ಲಿ ಕಲಸಬೇಡಿ. ಸೌದೆ ಬೂದಿಯ ನೀರು ಕ್ಷಾರ, ಹಣೆ ಉರಿದು ಗುಳ್ಳೆ ಬರುವುದುಂಟು. ಅಂಟಬೇಕಾದರೆ ಎರಡು ಹನಿ ಕೊಬ್ಬರಿ ಎಣ್ಣೆ. ಬೂದಿ ಬುಧವಾರ, ಶುಭ ಶುಕ್ರವಾರದ ಉಪವಾಸ ಕಡ್ಡಾಯ ಇರುವುದು 18 ತುಂಬಿದವರಿಂದ 59ರವರೆಗೆ, ಮಾಂಸ ಬಿಡುವುದು 14 ತುಂಬಿದವರಿಂದ. ಪರೀಕ್ಷೆ ಬರೆಯುವ ಹದಿನಾರರ ಹುಡುಗಿಯನ್ನು ಹಸಿದು ಕೂರಿಸುವ ಉತ್ಸಾಹ ಯಾರಿಗೂ ಬೇಡ.

ಪಾಸ್ಖದ ಹಿಂದಿನ ರಾತ್ರಿಯ ಜಾಗರಣೆ ಕತ್ತಲಾದ ಮೇಲೆಯೇ ಶುರುವಾಗಬೇಕು, ಮಾರ್ಚ್ ಕೊನೆಗೆ ಏಳೂಕಾಲಿಗಿಂತ ಮುಂಚೆ ಇಡಬೇಡಿ. ಹೊಸ ಬೆಂಕಿಗೆ ಒಣ ಕಾಫಿ ಕಟ್ಟಿಗೆ, ತೆಂಗಿನ ಚಿಪ್ಪು, ಹೊತ್ತಿಸಲು ಕರ್ಪೂರ. ಪೆಟ್ರೋಲ್, ಸೀಮೆಎಣ್ಣೆ ಹತ್ತಿರಕ್ಕೂ ಬೇಡ, ಆಗ ಸುತ್ತ ಒಣಗಿದ ತರಗೆಲೆ ಇರುತ್ತದೆ. ಎರಡು ಬಕೆಟ್ ನೀರು ಪಕ್ಕದಲ್ಲಿರಲಿ. ಜನರ ಕೈಯ ಮೇಣದಬತ್ತಿಗೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಅಂಗೈ ಅಗಲದ ಬಿಲ್ಲೆ ಕತ್ತರಿಸಿ, ನಡುವೆ ಅಡ್ಡ ಉದ್ದ ಸೀಳಿ ತೂರಿಸಿದರೆ ಮೇಣ ಕೈಗೂ ನೆಲಕ್ಕೂ ಬೀಳಲ್ಲ. ಸ್ವಿಚ್ ಬೋರ್ಡ್ ಹತ್ತಿರ ಒಬ್ಬರು, ವಾಚನ ಪೀಠದಲ್ಲಿ ಒಂದು ಟಾರ್ಚ್. ಬೆಂಗಳೂರಿನಿಂದ ಬಂದ ಹಳಬರಿಗೆ ಆ ರಾತ್ರಿ ಕೆಲಸ ಕೊಡಿ, ಸುಮ್ಮನೆ ಹೊರಗೆ ನಿಂತು ಹರಟುವುದು ತಪ್ಪುತ್ತದೆ.

ಮೀಟಿಂಗ್ ತಿಂಗಳಿಗೆ ಎರಡೇ ಸಾಕು, ಪೂಜೆಯ ನಂತರ ಒಂದು ಗಂಟೆ. ಹತ್ತು ನಿಮಿಷ ಶುಭಸಂದೇಶ, ಉಳಿದದ್ದು ಮುಂದಿನ ಕೆಲಸದ ತಯಾರಿ. ಆಗಮನ ಕಾಲದಿಂದ ಭಾನುವಾರದ ವಾಚನಗಳು ಮಾರ್ಕನ ಶುಭಸಂದೇಶದ ವರ್ಷಕ್ಕೆ ತಿರುಗುತ್ತವೆ. ಹದಿನಾರೇ ಅಧ್ಯಾಯ, ಮೀಟಿಂಗಿಗೆ ಒಂದರಂತೆ ಓದಿದರೆ ಮುಂದಿನ ಜುಲೈಗೆ ಮುಗಿಯುತ್ತದೆ.

ಒಂದು ವಿಷಯದಲ್ಲಿ ಸಡಿಲ ಬೇಡ. ಅರ್ಧಕ್ಕರ್ಧ ಹುಡುಗರು 18ರ ಒಳಗಿನವರು. ಯಾವ ಕೆಲಸಕ್ಕೂ ಇಬ್ಬರು ದೊಡ್ಡವರು ಇರಲೇಬೇಕು, ಒಬ್ಬರು ಮಹಿಳೆ. ಹೊರಗೆ ಕರೆದೊಯ್ಯಲು ಪೋಷಕರ ಸಹಿ, ಮಕ್ಕಳ ಜೊತೆ ರಾತ್ರಿ ಖಾಸಗಿ ಮೆಸೇಜ್ ಇಲ್ಲ, ಫೋಟೋ ಹಾಕುವ ಮುಂಚೆ ಮನೆಯವರಿಗೆ ಕೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಸಮಿತಿಯಲ್ಲಿ ಕೂತು ರಾಜಿ ಮಾಡುವ ವಿಷಯ ಅದಲ್ಲ. ಸಹಾಯವಾಣಿ 1098 ನೋಟಿಸ್ ಬೋರ್ಡಿನಲ್ಲಿರಲಿ. ಮಳೆಗಾಲದಲ್ಲಿ ಹೊಳೆ, ಜಲಪಾತ, ಕಲ್ಲು ಕ್ವಾರಿಯ ಹೊಂಡಕ್ಕೆ ಸಂಘದ ಹೆಸರಲ್ಲಿ ಪಿಕ್ನಿಕ್ ಹೊರಡದಿರಲಿ.

ನಿಮ್ಮ ಎರಡು ಉಪಕೇಂದ್ರಗಳು ದೇವಾಲಯದಿಂದ ಎಷ್ಟು ದೂರ, ಅಲ್ಲಿ ಭಾನುವಾರ ಪೂಜೆ ಎಷ್ಟೊತ್ತಿಗೆ ಅಂತ ಬರೆಯಿರಿ. ವಾಚನದ ಗುಂಪುಗಳನ್ನು ಹಂಚುವುದು ಅದರ ಮೇಲೆ ಬದಲಾಗುತ್ತದೆ.