ಕುಡಿಯುವ ಹಿರಿಯರ ತುರ್ತು ಆರೈಕೆ: ಆಶಾ ಕಾರ್ಯಕರ್ತೆಯರಿಗೆ ಮೊದಲು ಏನು ಕಲಿಸಬೇಕು?

ಅರ್ಧ ದಿನದ ತರಬೇತಿಯಲ್ಲಿ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತುವುದು) ಹೇಳಿಕೊಡಲೋ, ಕುಡಿತ ಬಿಡಿಸುವ ಮಾತುಕತೆಯೋ ಅಂತ ಕೇಳಿದ್ದೀರಿ. ನಾನೂ ಇದೇ ಗೊಂದಲದಿಂದ ಶುರುಮಾಡಿದವಳು. ಎರಡನ್ನೂ ಪಕ್ಕಕ್ಕಿಡಿ. ಕುಡಿದು ಬಿದ್ದಾಗಲೇ ಅಪಾಯ ಅಂದುಕೊಂಡಿದ್ದೀರಿ. ವರ್ಷಗಟ್ಟಲೆ ದಿನಾ ಕುಡಿದವರಿಗೆ ಕುಡಿತ ನಿಂತ ದಿನವೂ ಅಷ್ಟೇ ಅಪಾಯ.

ಎಲ್ಲರೂ ಎಡವುವುದು ಇಲ್ಲೇ. ಆಶಾ ಒಳ್ಳೆಯ ಮನಸ್ಸಿನಿಂದಲೇ "ಅಜ್ಜಾ, ನಾಳೆಯಿಂದ ಬಿಟ್ಟುಬಿಡು" ಅಂತಾರೆ. ಅಥವಾ ಅಜ್ಜ ಶಬರಿಮಲೆಗೆ ಮಾಲೆ ಹಾಕ್ತಾನೆ, ಇಲ್ಲವೇ ಸೊಂಟ ಮುರಿದು ಆಸ್ಪತ್ರೆ ಸೇರ್ತಾನೆ. ಕುಡಿತ ನಿಂತ ಆರರಿಂದ ಹನ್ನೆರಡು ತಾಸಿಗೆ ಕೈ ನಡುಕ, ಬೆವರು. 48 ತಾಸಿನೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಮಗನನ್ನೇ ಗುರುತಿಸದಿರುವುದು. ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುತ್ತಾರೆ, ಇಲ್ಲವೇ ಪಕ್ಕದ ಮನೆಯ ನಿದ್ದೆ ಮಾತ್ರೆ ನುಂಗಿಸುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದು ಜೀವ ತೆಗೆಯುತ್ತದೆ. ಆದ್ದರಿಂದ ಆಶಾ ಬಾಯಿಗೆ ಬರಬೇಕಾದ ಮೊದಲ ಪ್ರಶ್ನೆ "ಎಷ್ಟು ಕುಡಿದ್ರಿ" ಅಲ್ಲ, "ಕೊನೇ ಸಲ ಕುಡಿದದ್ದು ಯಾವಾಗ". ಎರಡೂ ಕೈ ಮುಂದೆ ಚಾಚಿಸಿ ಬೆರಳು ಅಗಲಿಸಿ ನೋಡಲಿ. ನಡುಕದ ಜೊತೆ ಬೆವರು, ನಾಡಿ ನಿಮಿಷಕ್ಕೆ ನೂರರ ಮೇಲಿದ್ದರೆ ಅವತ್ತೇ ವೈದ್ಯರ ಹತ್ತಿರ. ಫಿಟ್ಸ್ ಅಥವಾ ಭ್ರಮೆ ಕಂಡರೆ ನೇರ 108. ಬಿಡಿಸುವುದು ವೈದ್ಯರ ಔಷಧಿಯ ಜೊತೆಗೇ ಆಗಬೇಕು. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ.

ಇನ್ನು ಪ್ರಜ್ಞೆ ತಪ್ಪಿ ಬಿದ್ದವರು. ಒಂದು ಚಾಪೆ, ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು, ಪ್ರೊಜೆಕ್ಟರ್ ಬೇಡ. ಒಬ್ಬರನ್ನು ಮಲಗಿಸಿ ಅಭ್ಯಾಸ ಮಾಡಿಸಿ: ಸಡಿಲ ಹಲ್ಲಿನ ಸೆಟ್ ತೆಗೆಯಿರಿ, ಹತ್ತಿರದ ತೋಳು ಹೊರಕ್ಕೆ, ಆಚೆ ಕೈ ಈಚೆ ಕೆನ್ನೆಯಡಿಗೆ, ಆಚೆ ಮೊಣಕಾಲು ಮಡಚಿ ಅದನ್ನೇ ಹಿಡಿದು ನಿಮ್ಮ ಕಡೆಗೆ ಹೊರಳಿಸಿ. ಭುಜ ಜಗ್ಗಬೇಡಿ, ಹಳೇ ಕೀಲುಗಳು. ಪೂರ್ತಿ ಒಂದು ನಿಮಿಷ ಉಸಿರು ಎಣಿಸಲಿ. ಹತ್ತಕ್ಕಿಂತ ಕಡಿಮೆ ಇದ್ದರೆ, ನಡುನಡುವೆ ಹತ್ತು ಸೆಕೆಂಡು ನಿಂತರೆ, ಕೂಗಿದರೂ ಏಳದಿದ್ದರೆ 108. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರೆರಚುವುದು, ವಾಂತಿ ಮಾಡಿಸುವುದು ಎಲ್ಲಾ ಬಂದ್.

ವಾಸನೆ ಬಂತು ಅಂದಮೇಲೆ ಯಾರೂ ತಲೆ ಮುಟ್ಟಿ ನೋಡುವುದಿಲ್ಲ, ಅದೇ ತೊಂದರೆ. ವಯಸ್ಸು ಮತ್ತು ಕುಡಿತ ಎರಡರಿಂದಲೂ ಮೆದುಳು ಕುಗ್ಗಿರುತ್ತದೆ, ಅದರ ಮೇಲಿನ ರಕ್ತನಾಳಗಳು ಎಳೆದು ಹಿಡಿದಂತಿರುತ್ತವೆ. ಸಣ್ಣ ಪೆಟ್ಟಿಗೂ ನಿಧಾನ ರಕ್ತ ಸೋರಿ, ವಾರಗಳ ಮೇಲೆ ಮಂಕು, ನಡಿಗೆಯಲ್ಲಿ ವಾಲಾಟ ಕಾಣಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಆಸ್ಪಿರಿನ್ ನುಂಗುವವರಾದರೆ ಮಾತ್ರೆ ಚೀಟಿಯೂ ಆಂಬುಲೆನ್ಸಿಗೆ ಹೋಗಲಿ.

ಕುಡಿದವರಲ್ಲಿ ರಕ್ತದ ಸಕ್ಕರೆಯೂ ಇಳಿದಿರಬಹುದು; ಅದನ್ನು ಅಳೆಯುವ ಗ್ಲುಕೋಮೀಟರ್ ಇದ್ದರೆ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ, ಎಚ್ಚರವಿದೆ, ನುಂಗಬಲ್ಲರು ಅಂದರೆ ಅರ್ಧ ಲೋಟ ನೀರಿಗೆ ಮೂರು ಟೀಚಮಚ ಸಕ್ಕರೆ. ಮಂಪರಿದ್ದರೆ ಬಾಯಿಗೆ ಏನೂ ಬೇಡ. ಆಸ್ಪತ್ರೆ ತಲುಪಿದಾಗ "ಇವರು ದಿನಾ ಕುಡಿಯುವವರು" ಅಂತ ನರ್ಸಿಗೆ ಮೊದಲೇ ಹೇಳಬೇಕು, ಗ್ಲುಕೋಸ್ ಹನಿಯ ಜೊತೆ ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಮರೆತುಹೋಗದ ಹಾಗೆ.