ಇಎಸ್‌ಐ ಇದ್ದರೂ ಆಸ್ಪತ್ರೆಯವರು ‘ಮೇಲಿನ ಹಣ’ ಕೇಳಿದರೆ ಕಟ್ಟಬೇಕಾ?

ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ನಿಮ್ಮ ತಮ್ಮನ ಎರಡು ಬೆರಳು ಪ್ರೆಸ್ ಮೆಷಿನ್ನಿಗೆ ಸಿಕ್ಕಿವೆ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ರೆಫರಲ್ ಮೇಲೆ ತುಮಕೂರಿನ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿದೆ, ಈಗ ‘ಇಎಸ್‌ಐ ಕೊಡೋ ರೇಟು ಸಾಲಲ್ಲ, ಮೇಲಿನ ಮೂವತ್ತು ಸಾವಿರ ನೀವು ಕಟ್ಟಿ’ ಅಂತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಕಟ್ಟಬೇಡಿ.

ಇದೇ ಊರಿನ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ನಾನು ಏಳು ವರ್ಷ ಕೂತಿದ್ದೆ. ಇಎಸ್‌ಐ ಜೊತೆ ಟೈ-ಅಪ್ ಇರುವ ಆಸ್ಪತ್ರೆಗೆ ಸಾಮಾನ್ಯವಾಗಿ ಸಿಜಿಎಚ್‌ಎಸ್ ದರಪಟ್ಟಿಯ ಪ್ರಕಾರ ಹಣ ಬರುತ್ತದೆ. ಅದು ಕೇಂದ್ರ ಸರ್ಕಾರಿ ನೌಕರರ ಚಿಕಿತ್ಸೆಗೆಂದು ಮಾಡಿದ ಪಟ್ಟಿ. ಒಂದೊಂದು ಆಪರೇಷನ್ನಿಗೆ ಒಂದು ಪ್ಯಾಕೇಜ್: ವಾರ್ಡು, ಥಿಯೇಟರು, ಸರ್ಜನ್ ಫೀಸು, ಅರಿವಳಿಕೆ, ಔಷಧಿ ಎಲ್ಲ ಅದರೊಳಗೇ. ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆ ಇಲ್ಲದ ಆಸ್ಪತ್ರೆಗೆ ಶೇ. 15 ಕಡಿಮೆ. ಈ ದರಕ್ಕೆ ಒಪ್ಪಿ ಆಸ್ಪತ್ರೆಯವರೇ ಕರಾರಿಗೆ ಸಹಿ ಹಾಕಿರುತ್ತಾರೆ. ಕಡಿಮೆ ಬಿದ್ದರೆ ಅದು ಅವರಿಗೂ ಇಎಸ್‌ಐಗೂ ಇರುವ ವ್ಯವಹಾರ. ನಿಮ್ಮ ತಮ್ಮ ಸಂಬಳದಲ್ಲಿ ಶೇ. 0.75 ಕಟ್ಟಿದ್ದಾನೆ, ಮಾಲೀಕರು ಶೇ. 3.25 ಕಟ್ಟಿದ್ದಾರೆ. ಅವನ ಪಾಲು ಅಲ್ಲಿಗೆ ಮುಗಿಯಿತು.

ಆದರೆ ಆಸ್ಪತ್ರೆಯವರ ಅಳಲೂ ಪೂರ್ತಿ ಸುಳ್ಳಲ್ಲ. ಪಟ್ಟಿ ನೋಡುವುದು ಆಪರೇಷನ್ನಿನ ಹೆಸರನ್ನು, ಗಾಯ ಎಷ್ಟು ಕೆಟ್ಟದ್ದು ಎಂಬುದನ್ನಲ್ಲ. ಪ್ರೆಸ್ಸಿಗೆ ಸಿಕ್ಕಿ ಜಜ್ಜಿಹೋದ ಕೈಯಲ್ಲಿ ಮೂಳೆ, ನರ, ಸ್ನಾಯುರಜ್ಜು ಎಲ್ಲ ಒಟ್ಟಿಗೆ ಹೋಗಿರುತ್ತೆ, ಸರ್ಜನ್ ಗಂಟೆಗಟ್ಟಲೆ ನಿಂತಿರುತ್ತಾರೆ. ಅದರ ಮೇಲೆ, 2014ರಲ್ಲಿ ನಿಗದಿಯಾದ ಸರ್ಜರಿ ದರಗಳೇ ಬಹುಪಾಲು ಹತ್ತು ವರ್ಷ ದಾಟಿಯೂ ನಡೆದವು. ಸಿಜಿಎಚ್‌ಎಸ್ ದರಗಳು ದೊಡ್ಡ ಮಟ್ಟದಲ್ಲಿ ಪರಿಷ್ಕಾರವಾಗಿದ್ದು 2025ರ ಅಕ್ಟೋಬರ್ 13ರಿಂದ. ಅಷ್ಟು ವರ್ಷ ದರ ಮುಟ್ಟದೆ ಬಿಟ್ಟರೆ ಭಾರ ಬೀಳುವುದು ಬೆರಳು ಕಳಕೊಂಡವನ ಮೇಲೆಯೇ: ಒಂದೋ ಆಸ್ಪತ್ರೆ ‘ಬೆಡ್ ಇಲ್ಲ’ ಎಂದು ವಾಪಸ್ ಕಳಿಸುತ್ತದೆ, ಇಲ್ಲವೇ ಚೀಟಿಯಿಲ್ಲದೆ ಕೈಗೆ ಹಣ ಕೇಳುತ್ತದೆ. ಮೇಲಿನವರು ಹೇಳಿದರೆಂದು ನಾನೇ ಒಬ್ಬ ಹೆಣ್ಣುಮಗಳ ಹತ್ತಿರ ಹಾಗೆ ಹಣ ಇಸಕೊಂಡಿದ್ದೇನೆ, ಕಿವಿಯ ಓಲೆ ಅಡವಿಟ್ಟು ತಂದದ್ದು. ಆ ಕೆಲಸ ಬಿಟ್ಟಿದ್ದೂ ಅದಕ್ಕೇ.

ಈಗ ನೀವು ಮಾಡಬೇಕಾದ್ದು: ‘ಈ ಮೂವತ್ತು ಸಾವಿರ ಯಾವುದಕ್ಕೆ ಅಂತ ಬರೆದು ಕೊಡಿ, ರಸೀದಿ ಬೇಕು’ ಅನ್ನಿ. ಬಹಳ ಸಲ ಮಾತು ಅಲ್ಲಿಗೇ ನಿಲ್ಲುತ್ತೆ. ನಿಲ್ಲದಿದ್ದರೆ ಐಪಿ ನಂಬರ್ (ತಮ್ಮನ ಇಎಸ್‌ಐ ವಿಮಾ ಸಂಖ್ಯೆ), ರೆಫರಲ್ ಪತ್ರದ ಜೆರಾಕ್ಸ್ ಸಮೇತ ಇಎಸ್‌ಐ ಕಚೇರಿಗೆ ಲಿಖಿತ ದೂರು ಕೊಡಿ. ಖಾಲಿ ಕಾಗದಕ್ಕೆ ಸಹಿ ಬೇಡ. ಫ್ಯಾಕ್ಟರಿಯವರು ಆಕ್ಸಿಡೆಂಟ್ ರಿಪೋರ್ಟ್ ಕಳಿಸಿದ್ದಾರಾ ಎಂದೂ ಕೇಳಿ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇ. 90ರಷ್ಟು ಸಿಗಬೇಕಾದರೆ ಆ ವರದಿ ಮುಖ್ಯ. ಕೆಲಸಕ್ಕೆ ಸೇರಿ ಒಂದೇ ದಿನವಾಗಿದ್ದರೂ ಕೆಲಸದಲ್ಲಾದ ಗಾಯಕ್ಕೆ ಈ ಹಕ್ಕಿದೆ.

ಕೆಳಗೆ ಇನ್ನೊಬ್ಬರು, ತಮಗೆ ಇಎಸ್‌ಐಯೇ ಇಲ್ಲ ಎಂದು ಕೇಳಿದ್ದಾರೆ. ತಿಂಗಳ ಸಂಬಳ 21,000 ರೂಪಾಯಿ ದಾಟಿ ಇಎಸ್‌ಐ ವ್ಯಾಪ್ತಿಗೆ ಬಾರದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನು ಮಾಲೀಕರೇ ಕೊಡಬೇಕೆಂದು 2009ರ ತಿದ್ದುಪಡಿ ಸೇರಿಸಿತು, ಆ ಕಾಯ್ದೆಯ ಜಾಗಕ್ಕೆ ಬಂದಿರುವ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅಲ್ಲಿ ದರಪಟ್ಟಿ ಇಲ್ಲ, ಬಿಲ್ಲೇ ಸಾಕ್ಷಿ. ಹಾಗಾಗಿ ಮೆಡಿಕಲ್ ಸ್ಟೋರಿನ ಐವತ್ತು ರೂಪಾಯಿಯ ಚೀಟಿಯನ್ನೂ ಎತ್ತಿಡಿ.