ನನ್ನ ತಮ್ಮ ಉಗ್ರ ಸಂಘಟನೆಯೊಂದರ ಸೆಳೆತಕ್ಕೆ ಸಿಕ್ಕಿದ್ದಾನೆ. ಯಾವ ಸಾಕ್ಷ್ಯ ತೋರಿಸಿದರೆ ಅವನು ಹೊರಗೆ ಬರುತ್ತಾನೆ?

ಹಿರಿಯೂರಿನಿಂದ ನೀವು ಬರೆದ ಪತ್ರದಲ್ಲಿ ಊರಿನ ಹೆಸರನ್ನು ದಾವಣಗೆರೆ ಎಂದು ತಿದ್ದಿದರೆ ಈ ಪ್ರಶ್ನೆಯನ್ನು ನಾನೇ ಕೇಳಿದಂತಾಗುತ್ತದೆ. ಪದವಿ ಮುಗಿಸಿ ಮನೆಯಲ್ಲಿ ಕುಳಿತ ತಮ್ಮ, ಅವನ ಬಾಯಿಂದ ಹಗಲಿರುಳು ಹೊರಡುವ ದ್ವೇಷದ ಮಾತು, ಅದಕ್ಕೆ ಉತ್ತರವಾಗಿ ನೀವು ಕೂಡಿಹಾಕಿರುವ ಪತ್ರಿಕಾ ವರದಿಗಳು, ಮೊಬೈಲ್ ಕಿತ್ತುಕೊಳ್ಳಿ ಎನ್ನುವ ತಂದೆ, ಇವೆಲ್ಲವೂ ನಮ್ಮ ಮನೆಯಲ್ಲೂ ಇದ್ದವು. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ: ಯಾವ ಸಾಕ್ಷ್ಯವೂ ಕೆಲಸ ಮಾಡುವುದಿಲ್ಲ, ಏಕೆಂದರೆ ಸಾಕ್ಷ್ಯದ ಕೊರತೆಯಿಂದ ನಿಮ್ಮ ತಮ್ಮ ಅಲ್ಲಿಗೆ ಹೋಗಿಲ್ಲ.

ನಮ್ಮ ತಂದೆ ಬಟ್ಟೆ ಗಿರಣಿಯೊಂದರಲ್ಲಿ ನೇಯ್ಗೆಯವರಾಗಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಈ ಊರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಅವರು ಒಂದು ವಾಣಿಜ್ಯ ಮಳಿಗೆಯಲ್ಲಿ ರಾತ್ರಿ ಕಾವಲಿಗೆ ನಿಂತರು. ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಮನೆಯ ಮಾತೆಲ್ಲ ನನ್ನ ಸುತ್ತಲೇ ಸುತ್ತತೊಡಗಿತು. ತಮ್ಮನಿಗೆ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂಬ ಒಂದೇ ಆಸೆಯಿತ್ತು. ನಸುಕಿನಲ್ಲೆದ್ದು ಮೈದಾನದಲ್ಲಿ ಓಡುತ್ತಿದ್ದವನು ದೈಹಿಕ ಪರೀಕ್ಷೆಯ ಓಟದಲ್ಲಿ ಕೆಲವೇ ಸೆಕೆಂಡು ಹಿಂದೆ ಬಿದ್ದ. ಅಂದಿನಿಂದ ಅವನಿಗೆ ಮನೆಯಲ್ಲಿ ಹೇಳುತ್ತಿದ್ದ ಕೆಲಸವೆಂದರೆ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವುದು ಮತ್ತು ಬಂದ ನೆಂಟರನ್ನು ಬಸ್ ನಿಲ್ದಾಣಕ್ಕೆ ಬಿಟ್ಟುಬರುವುದು.

ಅದೇ ವರ್ಷ ಒಂದು ಸಂಘಟನೆಯವರು ಅವನಿಗೆ ಸೀಟಿಯೊಂದನ್ನು ಕೊಟ್ಟರು. ಆ ಸಂಘಟನೆಯ ಬಾವುಟದ ಬಣ್ಣ ಯಾವುದೆಂದು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ ಸಮಾಧಾನಪಡುತ್ತಾರೆ, ಉಳಿದರ್ಧ ಜನ ನನ್ನ ಮೇಲೆ ಹರಿಹಾಯುತ್ತಾರೆ, ನಿಮಗೆ ಎರಡರಿಂದಲೂ ಉಪಯೋಗವಿಲ್ಲ. ಮೆರವಣಿಗೆಯ ದಿನ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಅವನು ಸೀಟಿ ಊದಿದರೆ ನೂರಾರು ಜನ ನಿಲ್ಲುತ್ತಿದ್ದರು, ಇನ್ನೊಮ್ಮೆ ಊದಿದರೆ ಹೊರಡುತ್ತಿದ್ದರು. ಸರ್ಕಾರ ಕೊಡದ ಪೊಲೀಸ್ ಕೆಲಸವನ್ನು ಅವರು ಸಂಬಳವಿಲ್ಲದೆಯೇ ಕೊಟ್ಟಿದ್ದರು. ಮನೆಯಲ್ಲಿ ‘ಏ ಇವನೇ’ ಎನಿಸಿಕೊಳ್ಳುತ್ತಿದ್ದವನನ್ನು ಅಲ್ಲಿ ತನಗಿಂತ ಹಿರಿಯರೂ ‘ಸಂಚಾಲಕರೇ’ ಎಂದು ಕರೆಯುತ್ತಿದ್ದರು. ಆ ಸೀಟಿಯನ್ನು ಅವನು ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಬೆಳಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ, ಆದರೂ ಅದರ ಅರ್ಥ ನನಗೆ ಹೊಳೆಯಲಿಲ್ಲ.

ನಾನು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನೀವೀಗ ಅದೇ ತಪ್ಪಿಗೆ ಸಿದ್ಧರಾಗುತ್ತಿದ್ದೀರಿ. ದುಗ್ಗಮ್ಮನ ಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಆಗ ಮನೆ ತುಂಬ ನೆಂಟರು. ಊಟದ ಹೊತ್ತಿನಲ್ಲಿ ತಮ್ಮ ತನ್ನ ಸಂಘಟನೆಯವರು ಹಂಚಿದ್ದ ಒಂದು ಸುಳ್ಳು ಸುದ್ದಿಯನ್ನು ಎಲ್ಲರಿಗೂ ಹೇಳತೊಡಗಿದ. ನಾನು ಒಳಗೆ ಹೋಗಿ, ಜೆರಾಕ್ಸ್ ಮಾಡಿಸಿ ಇಟ್ಟಿದ್ದ ಕಾಗದಗಳನ್ನು ತಂದು, ದಿನಾಂಕ, ಸ್ಥಳ, ಅಧಿಕಾರಿಗಳ ಹೇಳಿಕೆ ಎಲ್ಲವನ್ನೂ ಗಟ್ಟಿಯಾಗಿ ಓದಿ, ಅವನು ಹೇಳಿದ್ದರಲ್ಲಿ ಒಂದಕ್ಷರವೂ ನಿಜವಲ್ಲವೆಂದು ತೋರಿಸಿದೆ. ಅವನ ಬಳಿ ಉತ್ತರವಿರಲಿಲ್ಲ. ದೊಡ್ಡಪ್ಪ ನಕ್ಕು, ‘ಬಿಡ್ರೋ ಅವನ್ನ, ಅವನು ಯಾವತ್ತಿದ್ರೂ ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಎಂಜಲು ಕೈಯಲ್ಲೇ ಎದ್ದು ಹೋದ.

ಅಂದು ನಾನು ಒರಟಾಗಿ ಮಾತನಾಡಿದ್ದೇ ತಪ್ಪೆಂದು ಬಹಳ ಕಾಲ ಭಾವಿಸಿದ್ದೆ. ಆಮೇಲೆ ನೆಂಟರ ಮುಂದೆ ಮಾತನಾಡಿದ್ದು ತಪ್ಪು, ಕೋಣೆಗೆ ಕರೆದು ಹೇಳಬೇಕಿತ್ತು ಎಂದುಕೊಂಡೆ. ಎರಡೂ ಅರ್ಧ ಸತ್ಯಗಳೇ. ಕೋಣೆಯೊಳಗೆ ಮೆಲ್ಲಗೆ ಹೇಳಿದ್ದರೂ ನಾನು ಹೇಳುತ್ತಿದ್ದುದು ಇಷ್ಟೇ: ನೀನು ಮೋಸಹೋದವನು, ನಾನು ತಿಳಿದವನು. ಅವನು ಆ ಸುದ್ದಿಯನ್ನು ನಂಬಿದ್ದನೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವೇ ಆಗಿರಲಿಲ್ಲ; ಹತ್ತು ಜನರ ಮುಂದೆ ಗಂಭೀರವಾಗಿ ಮಾತನಾಡಬಲ್ಲವನೊಬ್ಬ ತಾನು ಎಂಬುದನ್ನು ಅವನು ಮೊದಲ ಬಾರಿಗೆ ಮನೆಯವರಿಗೆ ತೋರಿಸುತ್ತಿದ್ದ, ನಾನು ಸುದ್ದಿಯ ಜೊತೆಗೆ ಆ ಮನುಷ್ಯನನ್ನೂ ಅಲ್ಲಗಳೆದೆ. ಇನ್ನೊಂದು ಮಾತೂ ಇದೆ. ಆ ಕಾಗದಗಳನ್ನು ನಾನು ಅವನಿಗಾಗಿ ಕೂಡಿಹಾಕಿದ್ದಾಗಿದ್ದರೆ ಮೊದಲು ಅವನ ಕೈಗೆ ಕೊಡುತ್ತಿದ್ದೆ. ಸಭೆಯಲ್ಲಿ ಗೆಲ್ಲುವ ಆಸೆ ನನಗೂ ಇತ್ತು, ದೊಡ್ಡವನೆನಿಸಿಕೊಳ್ಳುವ ಹಸಿವು ಅವನೊಬ್ಬನದೇ ಆಗಿರಲಿಲ್ಲ.

ಅಂದೇ ರಾತ್ರಿ ಅವನು ಹರಿಹರದಲ್ಲಿ ಸಂಘಟನೆಯವರು ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಹೋಗಿ ಸೇರಿಕೊಂಡ. ಮುಂದೆ ಒಂದು ಮೆರವಣಿಗೆಯಲ್ಲಿ ಕಲ್ಲು ತೂರಾಟವಾಗಿ ಎಫ್‌ಐಆರ್‌ನಲ್ಲಿ ಅವನ ಹೆಸರೂ ಸೇರಿತು. ಕೊನೆಗೆ ಪ್ರಕರಣದಲ್ಲಿ ಖುಲಾಸೆಯಾಯಿತು, ಆದರೆ ಅಷ್ಟರಲ್ಲಿ ಕಾನ್‌ಸ್ಟೆಬಲ್ ನೇಮಕಾತಿಯ ವಯೋಮಿತಿ ದಾಟಿತ್ತು.

ನಾನು ಇದರ ಬಗ್ಗೆ ಓದತೊಡಗಿದ್ದು ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಆರಿ ಕ್ರುಗ್ಲಾನ್‌ಸ್ಕಿ ಎಂಬ ಮನೋವಿಜ್ಞಾನಿ ಉಗ್ರವಾದಕ್ಕೆ ಮೂರು ಅಂಗಗಳನ್ನು ಗುರುತಿಸುತ್ತಾರೆ. ತಾನೂ ಲೆಕ್ಕಕ್ಕೆ ಬರಬೇಕು, ತನಗೂ ಬೆಲೆಯಿರಬೇಕು ಎಂಬ ಅಗತ್ಯ ಮೊದಲನೆಯದು. ಆ ಬೆಲೆ ಸಿಗುವ ದಾರಿ ಇದೇ ಎಂದು ಹೇಳುವ ಕಥನ ಎರಡನೆಯದು. ಆ ದಾರಿಯಲ್ಲಿ ನಡೆದವನನ್ನು ಮೆಚ್ಚಿ ಬೆನ್ನು ತಟ್ಟುವ ಬಳಗ ಮೂರನೆಯದು. ಅಗತ್ಯ ಎಲ್ಲರಲ್ಲೂ ಇರುತ್ತದೆ, ಸೋಲು ಅಥವಾ ಅವಮಾನ ಅದನ್ನು ಕೆರಳಿಸುತ್ತದೆ. ಆಗ ಯಾವ ಬಳಗ ಮೊದಲು ಕೈ ಹಿಡಿಯಿತು ಎಂಬುದರ ಮೇಲೆ ಒಬ್ಬ ಸಮಾಜಸೇವಕನೂ ಆಗಬಹುದು, ಇನ್ನೊಬ್ಬ ಕಲ್ಲು ತೂರುವವನೂ ಆಗಬಹುದು. ನಾನು ಜಗಳವಾಡಿದ್ದೆಲ್ಲ ಕಥನದ ಜೊತೆಗೆ. ಅಗತ್ಯವನ್ನು ಕೆರಳಿಸಿದವನೂ ನಾನೇ, ಅವನನ್ನು ಬಳಗದ ಬಾಗಿಲಿಗೆ ತಳ್ಳಿದವನೂ ನಾನೇ.

ನೀವು ‘ಯಾರೋ ತಲೆ ಕೆಡಿಸಿದ್ದಾರೆ’ ಎಂದೂ ‘ಕೆಲಸವೊಂದು ಸಿಕ್ಕರೆ ಎಲ್ಲ ಸರಿಹೋಗುತ್ತದೆ’ ಎಂದೂ ಬರೆದಿದ್ದೀರಿ. ಎರಡನ್ನೂ ನಾನು ಒಪ್ಪುವುದಿಲ್ಲ. ಇಂಥವರಲ್ಲಿ ಬಹುಪಾಲು ಜನ ಮಾನಸಿಕ ರೋಗಿಗಳಲ್ಲ ಎಂಬ ವಿಷಯದಲ್ಲಿ ಸಂಶೋಧಕರಲ್ಲಿ ಸಾಕಷ್ಟು ಒಮ್ಮತವಿದೆ. ಬಡತನವನ್ನಾಗಲಿ ಓದಿನ ಕೊರತೆಯನ್ನಾಗಲಿ ನೇರ ಕಾರಣವೆನ್ನಲು ಆಧಾರ ಬಹಳ ಕಡಿಮೆಯೆಂದು ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ 2003ರಲ್ಲೇ ತೋರಿಸಿದ್ದರು. ಹಾಗಾದರೆ ಕೆಲಸದಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಸಂಬಳದ ಕಾರಣಕ್ಕಲ್ಲ. 2009ರ ಮೇ ತಿಂಗಳಲ್ಲಿ ಶ್ರೀಲಂಕಾದ ಯುದ್ಧ ಮುಗಿದ ಮೇಲೆ ತಮಿಳು ಹುಲಿಗಳ ಪಡೆಯಲ್ಲಿದ್ದ 11,000ಕ್ಕೂ ಹೆಚ್ಚು ಜನರನ್ನು ಪುನರ್ವಸತಿ ಕೇಂದ್ರಗಳಲ್ಲಿಟ್ಟು ಕಸುಬು, ಓದು, ಕಲೆ ಕಲಿಸಲಾಯಿತು. ಕ್ರುಗ್ಲಾನ್‌ಸ್ಕಿ ಮತ್ತು ಸಂಗಡಿಗರು ಅವರನ್ನು ಅಧ್ಯಯನ ಮಾಡಿದಾಗ, ತಮ್ಮ ಬದುಕಿಗೆ ಮತ್ತೆ ಬೆಲೆ ಬಂದಿದೆ ಎಂಬ ಭಾವನೆ ಹೆಚ್ಚಿದವರಲ್ಲಿ ಉಗ್ರ ನಿಲುವು ಇಳಿದದ್ದು ಕಂಡಿತು. ಸೈನ್ಯದ ವಶದಲ್ಲಿದ್ದವರು ಕೊಟ್ಟ ಉತ್ತರಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಅನುಮಾನ ನನಗೂ ಇದೆ. ಆದರೂ ನಮ್ಮ ಮನೆಯಲ್ಲಿ ಆದದ್ದು ಅದಕ್ಕೆ ತಾಳೆಯಾಗುತ್ತದೆ.

ನಮ್ಮ ಸೋದರಮಾವನಿಗೆ ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಅಂಗಡಿಯಿದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಅವರ ಮುನೀಮ ಹೇಳದೆ ಕೇಳದೆ ಕೆಲಸ ಬಿಟ್ಟ. ಮಾವ ತಮ್ಮನಿಗೆ ಫೋನ್ ಮಾಡಿ, ‘ಲೇ, ಲೋಡು ನಿಂತಾವೆ, ನೀನು ಬರದಿದ್ರೆ ನನ್ನ ಕೈಲಾಗಲ್ಲ ಬಾರೋ’ ಎಂದರು. ಇದು ಉಪಾಯವಲ್ಲ, ಅವರಿಗೆ ನಿಜಕ್ಕೂ ಜನ ಬೇಕಾಗಿತ್ತು. ಜೋಳದ ತೇವಾಂಶ ಅಳೆಯುವ ಮೀಟರ್ ಅವನ ಕೈಗೆ ಬಂತು. ತೇವ ಶೇಕಡಾ 14 ದಾಟಿದರೆ ಬೆಲೆ ಕಡಿತವಾಗುತ್ತದೆ, ಆದ್ದರಿಂದ ಆ ಮೀಟರಿನ ಅಂಕಿಯ ಮೇಲೆಯೇ ರೈತನಿಗೂ ವರ್ತಕನಿಗೂ ದಿನವೂ ಜಗಳ. ನನ್ನ ತಮ್ಮ ಚೀಲದ ಮೇಲಿನ ಕಾಳನ್ನಷ್ಟೇ ಅಳೆಯದೆ ಬಂಬು ಎಂಬ ಟೊಳ್ಳು ಸಲಾಕೆ ಚುಚ್ಚಿ ನಡುವಿನ ಕಾಳನ್ನೂ ತೆಗೆದು ಅಳೆದು, ಬಂದ ಅಂಕಿಯನ್ನು ರೈತನ ಮುಖಕ್ಕೆ ಹಿಡಿದು ತೋರಿಸುತ್ತಿದ್ದ. ಆ ಸುಗ್ಗಿ ಮುಗಿಯುವಷ್ಟರಲ್ಲಿ ಜಗಳೂರು ಕಡೆಯ ರೈತರು, ‘ಆ ಹುಡುಗನ ಕೈಲೇ ನೋಡಿಸಿ’ ಎಂದು ಕಾದು ನಿಲ್ಲತೊಡಗಿದರು. ಅವರಲ್ಲಿ ಅವನ ಸಂಘಟನೆ ಶತ್ರುಗಳೆಂದು ಕರೆಯುತ್ತಿದ್ದ ಸಮುದಾಯದವರೂ ಇದ್ದರು. ಸಂಘಟನೆಯ ಸಭೆಗಳಿಗೆ ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಅವನು ಯಾವತ್ತೂ ‘ನೀನು ಹೇಳಿದ್ದು ಸರಿಯಾಗಿತ್ತು’ ಎಂದು ನನಗೆ ಹೇಳಲಿಲ್ಲ. ಅವನ ಕೆಲವು ಮಾತುಗಳು ಇಂದಿಗೂ ನನಗೆ ಹಿಡಿಸುವುದಿಲ್ಲ.

ಆದ್ದರಿಂದ ಅವನಿಗೆ ಕೆಲಸ ಕೊಡಿಸಲು ಓಡಾಡುವುದಕ್ಕಿಂತ, ಅವನಿಲ್ಲದೆ ನಿಜವಾಗಿಯೂ ನಿಂತುಹೋಗುವ ಕೆಲಸ ನಿಮ್ಮ ಮನೆಯಲ್ಲೋ ಬಂಧುಗಳಲ್ಲೋ ಯಾವುದಿದೆ ಎಂದು ನೋಡಿ. ಕನಿಕರದಿಂದ ಸೃಷ್ಟಿಸಿದ ಕೆಲಸವಾದರೆ ಅವನಿಗೆ ಅದೇ ದಿನ ಗೊತ್ತಾಗುತ್ತದೆ. ವಾದವನ್ನು ನಿಲ್ಲಿಸಿ, ಆದರೆ ಅವನ ಮಾತಿಗೆ ಹೂಂಗುಟ್ಟಬೇಡಿ. ‘ನನಗೆ ಹಾಗನ್ನಿಸುವುದಿಲ್ಲ’ ಎಂದು ಒಂದು ಸಾಲು ಹೇಳಿ ಊಟಕ್ಕೆ ಕರೆಯಿರಿ. ನೀವು ಕೂಡಿಹಾಕಿದ ಕಾಗದಗಳನ್ನು ಅವನಾಗಿ ಕೇಳುವವರೆಗೆ ಹೊರತೆಗೆಯಬೇಡಿ.

ಇದೆಲ್ಲ ಮಾತಿನ ಮಟ್ಟದಲ್ಲಿರುವವರೆಗೆ ಮಾತ್ರ. ಆಯುಧ, ಹೊಡೆಯಬೇಕಾದವರ ಹೆಸರು, ಇಂಥ ದಿನ ಎಂಬ ಸೂಚನೆ ಕಿವಿಗೆ ಬಿದ್ದರೆ ನನ್ನ ಯಾವ ಸಲಹೆಯನ್ನೂ ಪಾಲಿಸದೆ 112ಕ್ಕೆ ಕರೆ ಮಾಡಿ. ಅವನ ಭವಿಷ್ಯ ಹಾಳಾದೀತು ಎಂದು ಹಿಂಜರಿದರೆ ಇನ್ನೊಬ್ಬರ ಮನೆಯ ಮಗ ಸಾಯುತ್ತಾನೆ. ಇನ್ನು ಮೊಬೈಲ್ ಕಿತ್ತುಕೊಳ್ಳುವ ವಿಚಾರ: ನಮ್ಮ ತಂದೆ ಅದನ್ನೂ ಮಾಡಿ ನೋಡಿದರು, ಮರುದಿನವೇ ಸಂಘಟನೆಯವರು ಅವನಿಗೆ ಅದಕ್ಕಿಂತ ಒಳ್ಳೆಯ ಫೋನ್ ಕೊಡಿಸಿದರು.